ಕಟ್ಟ ಕಟ್ಟುವ ಕೈಗಳು ಊರು ಬಿಟ್ಟ ಮೇಲೆ

ಮೇ ತಿಂಗಳ ಕೊನೆಯ ವಾರ ಮಂಗಳೂರು, ಉಡುಪಿಯ ಪತ್ರಿಕೆಗಳ ಸ್ಥಳೀಯ ಪುಟ ಓದುವವರಿಗೆ ಕೆಲವು ಸುದ್ದಿಗಳು ಬಾಯಿಪಾಠವಾಗಿಬಿಟ್ಟಿವೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಇಳಿದ ಸುದ್ದಿ, ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಕಲ್ಲು ಹಾಕುವ ಸಿದ್ಧತೆಯ ಸುದ್ದಿ, ಹಡಿಲು ಬಿದ್ದ, ಅಂದರೆ ಬೇಸಾಯವಿಲ್ಲದೆ ಪಾಳುಬಿದ್ದ ಗದ್ದೆಗಳ ಬಗ್ಗೆ ಯಾರದೋ ಕಳವಳದ ಮಾತು, ಮಳೆಗಾಲಕ್ಕೆ ಮುನ್ನ ತಗ್ಗು ಪ್ರದೇಶದ ಕಾರ್ಮಿಕರ ಜೋಪಡಿಗಳನ್ನು ತೆರವುಗೊಳಿಸುವ ಸೂಚನೆ. ನೀರು ಒಂದು ಇಲಾಖೆಯದು, ಕಡಲತೀರ ಇನ್ನೊಂದರದು, ಗದ್ದೆ ಕೃಷಿ ಇಲಾಖೆಯದು, ಜೋಪಡಿ ಕಾರ್ಮಿಕ ಇಲಾಖೆಯದೋ ಸ್ಥಳೀಯ ಸಂಸ್ಥೆಯದೋ ಎಂಬುದು ಸ್ಪಷ್ಟವಿಲ್ಲ. ಹೀಗೆ ಹಂಚಿಹೋದ ಕಾರಣ ಈ ನಾಲ್ಕೂ ಸುದ್ದಿಗಳ ಬೇರು ಎಲ್ಲಿ ಕೂಡುತ್ತದೆ ಎಂಬುದು ಕಾಣದೆ ಹೋಗುತ್ತದೆ. ಈ ಕರಾವಳಿಯಿಂದ ಜನ ಹೊರಗೆ ಹೋದದ್ದು, ಈ ಕರಾವಳಿಗೆ ಜನ ಒಳಗೆ ಬಂದದ್ದು ಮತ್ತು ಈ ನೆಲ, ನೀರು, ಕಡಲು ಬದಲಾದದ್ದು ಒಟ್ಟೊಟ್ಟಿಗೇ ನಡೆದಿವೆ.

ಹವಾಮಾನ ಬದಲಾವಣೆಯ ಅತಿ ದೊಡ್ಡ ಪರಿಣಾಮ ಮನುಷ್ಯರ ವಲಸೆಯ ಮೇಲೆಯೇ ಆಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 1990ರ ತನ್ನ ಮೊದಲ ವರದಿಯಲ್ಲಿಯೇ ಎಚ್ಚರಿಸಿತ್ತು. 2050ರ ವೇಳೆಗೆ 21.6 ಕೋಟಿಯಷ್ಟು ಜನ ತಮ್ಮ ದೇಶದೊಳಗೇ ಬೇರೆಡೆಗೆ ಹೋಗಬೇಕಾಗಬಹುದು ಎಂದು ವಿಶ್ವ ಬ್ಯಾಂಕ್ 2021ರಲ್ಲಿ ಅಂದಾಜು ಮಾಡಿತು. ಇಂತಹ ಲೆಕ್ಕಗಳಲ್ಲಿ ಮೊದಲು ಪರಿಸರ ಕೆಡುತ್ತದೆ, ಆಮೇಲೆ ಜನ ಹೊರಡುತ್ತಾರೆ. ನಮ್ಮ ಎರಡು ಜಿಲ್ಲೆಗಳ ಅನುಭವ ಇದಕ್ಕಿಂತ ತೊಡಕಿನದು. ಇಲ್ಲಿ ಬಹಳ ಕಡೆ ಜನ ಮೊದಲು ಹೊರಟರು, ನೆಲ ಆಮೇಲೆ ಬದಲಾಯಿತು, ಆ ಬದಲಾವಣೆ ಈಗ ಮತ್ತೆ ಜನರನ್ನು ಎಬ್ಬಿಸುತ್ತಿದೆ.

ಹಳೆಯ ಕಾಲದ್ದನ್ನು ಬೇಗ ಹೇಳಿ ಮುಗಿಸಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣಿಗೂ ಒಳನಾಡಿನ ಕಾಡಿನ ಸೌದೆಗೂ ಹೊಸ ಬೇಡಿಕೆ ಹುಟ್ಟಿತು, ಕೆಲಸ ಹುಡುಕಿ ಬಂದವರಿಂದ ನದಿಯ ದಂಡೆಯಲ್ಲಿ ಹೊಸ ಕೇರಿಗಳು ಎದ್ದವು. 1923ರ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಪಾಣೆಮಂಗಳೂರು, ಬಂಟ್ವಾಳದ ಪೇಟೆಗಳನ್ನು ಮುಳುಗಿಸಿದ್ದನ್ನು ಹಿರಿಯರು ‘ಮಾರಿಬೊಳ್ಳ’ (ಮಹಾನೆರೆ) ಎಂದು ಮೊನ್ನೆ ಮೊನ್ನೆಯವರೆಗೂ ನೆನೆಯುತ್ತಿದ್ದರು. 20ನೆಯ ಶತಮಾನದ ಮೊದಲಾರ್ಧದಲ್ಲಿ ಮುಂಬಯಿ, ಮದರಾಸಿನ ಹೋಟೆಲುಗಳಿಗೆ ಹೊರಟ ಹುಡುಗರ ಸಾಲು, ಕೇರಳದಿಂದ ಬೆಳ್ತಂಗಡಿ, ಕಡಬದ ಕಡೆಗೆ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದ ಕುಟುಂಬಗಳು, 1964ರ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಕೆಲಸ ಕೊಡಲೆಂದು ಸುಳ್ಯ, ಪುತ್ತೂರಿನಲ್ಲಿ ಸರಕಾರವೇ ಬೆಳೆಸಿದ ರಬ್ಬರ್ ತೋಟಗಳು, ಹೊಸ ಬಂದರಿಗಾಗಿ ಪಣಂಬೂರು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋಗಬೇಕಾದ ಮನೆಗಳು, ಇವೆಲ್ಲ ಆ ಮೊದಲ ಅಧ್ಯಾಯಕ್ಕೆ ಸೇರಿದವು. ಪಣಂಬೂರಿನವರ ಹೆಸರು ಹವಾಮಾನ ವಲಸಿಗರ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ, ಆದರೆ ಕಡಲಿನ ಪಕ್ಕದ ಬದುಕನ್ನು ಬಿಟ್ಟು ಗುಡ್ಡದ ಮೇಲೆ ಹೊಸದಾಗಿ ಬಾವಿ ತೋಡಬೇಕಾದವರಲ್ಲಿ ಅವರೇ ಮೊದಲಿಗರ ಸಾಲಿನವರು.

ನಿಂತು ನೋಡಬೇಕಾದದ್ದು 1974ರ ನಂತರದ ಮೂವತ್ತು ವರ್ಷಗಳನ್ನು. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ‘ಡಿಕ್ಲರೇಶನ್’ (ತಾನು ಗೇಣಿದಾರನೆಂಬ ಅರ್ಜಿ) ಕೊಟ್ಟು ಬಂದ ಭೂಮಿ ಎಂಬ ಮಾತಿನಲ್ಲಿ ಇಂದಿಗೂ ಎಷ್ಟೋ ಮನೆಗಳ ಘನತೆ ಅಡಗಿದೆ. ಆ ನ್ಯಾಯವನ್ನು ಪ್ರಶ್ನಿಸುವ ಮಾತೇ ಇಲ್ಲ. ಆದರೆ ಅದೇ ಹೊತ್ತಿಗೆ ಇನ್ನೆರಡು ಬಾಗಿಲುಗಳೂ ತೆರೆದವು. ಜಮೀನು ಕಳೆದುಕೊಂಡ ಮನೆಗಳ ಮಕ್ಕಳು ಮುಂಬಯಿ, ಬೆಂಗಳೂರಿನ ದಾರಿ ಹಿಡಿದರು; 1973ರ ತೈಲಬೆಲೆ ಏರಿಕೆಯ ನಂತರ ಕೊಲ್ಲಿ ದೇಶಗಳಲ್ಲಿ ಕೆಲಸ ಸಿಗತೊಡಗಿದ್ದರಿಂದ ಜಮೀನು ಪಡೆದ ಮನೆಗಳ ಮಕ್ಕಳೂ ಅಲ್ಲಿಗೆ ಹೊರಟರು. ಒಂದು ಎಕರೆ, ಒಂದೂವರೆ ಎಕರೆಯ ಗದ್ದೆಯಿಂದ ಬರುವ ಅಕ್ಕಿ ಮನೆಯ ಊಟಕ್ಕೆ ಸಾಕಾದರೂ ತಂಗಿಯ ಮದುವೆಗೆ, ತಮ್ಮನ ಕಾಲೇಜಿಗೆ ಸಾಲುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಪುರುಷರಿಗೆ 1,094 ಮಹಿಳೆಯರಿದ್ದರು. ರಾಜ್ಯದ ಸರಾಸರಿ 973. ಊರಿನಲ್ಲಿ ಗಂಡಸರು ಉಳಿದಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗೆ ಕೈಗಳು ಕಡಿಮೆಯಾದಾಗ ನೀರಿಗೆ ಏನಾಯಿತು ಎಂಬುದನ್ನು ತಿಳಿಯಲು ತುಳುನಾಡಿನ ಗದ್ದೆಯ ಲೆಕ್ಕ ಗೊತ್ತಿರಬೇಕು. ತೋಡಿನ (ಸಣ್ಣ ಹಳ್ಳದ) ಪಕ್ಕದ, ಎಲ್ಲಕ್ಕಿಂತ ತಗ್ಗಿನ ಗದ್ದೆ ಬೈಲು. ಅಲ್ಲಿ ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಗೆಯ ಕೊಳಕೆ ಎಂದು ಮೂರು ಬೆಳೆ. ಅದರ ಮೇಲಿನದು ಮಜಲು, ಅಲ್ಲಿ ಎರಡು ಬೆಳೆ. ಎಲ್ಲಕ್ಕಿಂತ ಮೇಲಿನದು ಬೆಟ್ಟು, ಅಲ್ಲಿ ಮಳೆಗಾಲದ ಏಣೆಲು ಮಾತ್ರ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಕಡಲಿಗೆ ಓಡುವ ಈ ಇಳಿಜಾರಿನ ನಾಡಿನಲ್ಲಿ ಬದುಗಳ ನಡುವೆ ನೀರು ನಿಲ್ಲಿಸಿಕೊಳ್ಳುತ್ತಿದ್ದ ಗದ್ದೆಗಳು ಅಕ್ಕಿಯ ಜೊತೆಗೆ ಅಂತರ್ಜಲವನ್ನೂ ಬೆಳೆಯುತ್ತಿದ್ದವು. ಮಳೆ ನಿಂತ ಮೇಲೆ ಸುಗ್ಗಿ, ಕೊಳಕೆಗೆ ನೀರು ಉಳಿಯಬೇಕಾದರೆ ತೋಡಿಗೆ ಕಟ್ಟ, ಅಂದರೆ ಪ್ರತಿ ವರ್ಷ ಹೊಸದಾಗಿ ಕಟ್ಟುವ ಮಣ್ಣಿನ ಒಡ್ಡು, ಹಾಕಬೇಕಿತ್ತು.

ನಾನು ಹತ್ತಿರದಿಂದ ಕಂಡ ಕೊನೆಯ ಕಟ್ಟ ಬ್ರಹ್ಮಾವರದ ಆಚೆಯ ಒಂದು ಬೈಲಿನದು. ದೀಪಾವಳಿ ಕಳೆದು ತೋಡಿನ ನೀರು ಮೊಣಕಾಲಿಗೆ ಇಳಿದಾಗ ಬೈಲಿನ ಪ್ರತಿ ಮನೆಯಿಂದಲೂ ಒಬ್ಬ ಬರಬೇಕೆಂಬುದು ಬರೆದಿಡದ ನಿಯಮವಾಗಿತ್ತು. ಅಡಿಕೆ ಮರದ ಸೀಳುಗಳನ್ನು ಎರಡು ಸಾಲಾಗಿ ನೆಟ್ಟು, ನಡುವೆ ಕಲ್ಲು, ಮಣ್ಣು, ಸೊಪ್ಪು ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದರು. ಮಣ್ಣು ಸೋರುವ ಜಾಗ ಯಾವುದು ಎಂಬುದು ಒಬ್ಬ ಹಿರಿಯರಿಗೆ ಮಾತ್ರ ಗೊತ್ತಿತ್ತು. ಅವರು ದಂಡೆಯ ಮೇಲೆ ಕುಳಿತು ‘ಅಲ್ಲಿ ಇನ್ನೊಂದು ಬುಟ್ಟಿ’ ಎನ್ನುತ್ತಿದ್ದರು, ಉಳಿದವರು ಮರುಮಾತಿಲ್ಲದೆ ಹಾಕುತ್ತಿದ್ದರು. ಸಂಜೆಯ ಹೊತ್ತಿಗೆ ನೀರು ಹಿಮ್ಮುಖವಾಗಿ ಏರಿ ಗದ್ದೆಯ ಕಾಲುವೆಗೆ ನುಗ್ಗುತ್ತಿತ್ತು. ಒಂದು ತೋಡಿನಲ್ಲಿ ಇಂತಹ ಹಲವು ಕಟ್ಟಗಳಿದ್ದರೆ ಎರಡೂ ದಂಡೆಯ ಬಾವಿಗಳಲ್ಲಿ ಬೇಸಗೆಯ ಕೊನೆಯವರೆಗೂ ನೀರಿರುತ್ತಿತ್ತು. ಕಡಲಿಗೆ ಹತ್ತಿರದ ತೋಡುಗಳಲ್ಲಿ ಉಬ್ಬರದ ಉಪ್ಪುನೀರು ಮೇಲೇರದಂತೆ ತಡೆಯುವ ಕೆಲಸವನ್ನೂ ಅವೇ ಮಾಡುತ್ತಿದ್ದವು. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನಗಳಲ್ಲಿ, ಕಟ್ಟವನ್ನೂ ಬಿಚ್ಚುತ್ತಿದ್ದರು. ಇಪ್ಪತ್ತು ಮನೆಗಳಲ್ಲಿ ಎಂಟು ಮನೆಗೆ ಬೀಗ ಬಿದ್ದು, ಉಳಿದ ಮನೆಗಳಲ್ಲಿ ಎಪ್ಪತ್ತು ದಾಟಿದವರೇ ಇರುವಾಗ ಕಟ್ಟ ಹಾಕುವವರು ಯಾರು? ಒಂದು ವರ್ಷ ತಪ್ಪಿತು, ಮರುವರ್ಷವೂ ತಪ್ಪಿತು, ಮೂರನೆಯ ವರ್ಷ ಅದರ ಮಾತೇ ಬರಲಿಲ್ಲ.

ಕಟ್ಟ ತಪ್ಪಿದ ಬೈಲಿನಲ್ಲಿ ಮೊದಲು ಕೊಳಕೆ ಹೋಯಿತು, ಆಮೇಲೆ ಸುಗ್ಗಿ. ಏಣೆಲು ಒಂದನ್ನೇ ನೆಚ್ಚಿಕೊಂಡವರಿಗೆ ಕೂಲಿ ಹುಟ್ಟದಾದಾಗ ಬೆಟ್ಟು ಗದ್ದೆ ಹಡಿಲು ಬಿತ್ತು. ಹಡಿಲು ಒಂದೇ ಗದ್ದೆಗೆ ನಿಲ್ಲುವುದಿಲ್ಲ ಎಂಬುದು ಬೇಸಾಯ ಮಾಡಿದವರಿಗೆ ಗೊತ್ತು. ಪಕ್ಕದ ಗದ್ದೆ ಪಾಳು ಬಿದ್ದರೆ ಅಲ್ಲಿ ಬೆಳೆದ ಪೊದೆಯಿಂದ ಹಂದಿ, ನವಿಲು ನಿಮ್ಮ ಪೈರಿಗೆ ಇಳಿಯುತ್ತವೆ. ಅವರ ಗದ್ದೆಯ ಮೂಲಕ ಬರುತ್ತಿದ್ದ ನೀರಿನ ದಾರಿ ಮುಚ್ಚುತ್ತದೆ. ಕಟಾವು ಯಂತ್ರ ನಿಮ್ಮ ಗದ್ದೆಯವರೆಗೆ ತಲಪುವುದಿಲ್ಲ. ದೂರದಲ್ಲಿರುವ ಒಡೆಯರಿಗೆ ಕಡಿಮೆ ಕೈ ಬೇಡುವ ಬೆಳೆ ಬೇಕಾಯಿತು. ಬೈಲಿನಲ್ಲಿ ಅಡಿಕೆ, ತೆಂಗು ಬಂತು, ಅವಕ್ಕೆ ಬೇಸಗೆಯ ನೀರು ಬೇಕೆಂದು ಬೋರ್‌ವೆಲ್ ಬಂತು. ಗೊಬ್ಬರಕ್ಕೆಂದು ಸೊಪ್ಪು ತರುತ್ತಿದ್ದ, ಗದ್ದೆಗೆ ತಾಗಿದ ಸರಕಾರಿ ಜಾಗವಾದ ಕುಮ್ಕಿ ಗುಡ್ಡೆ ಯಾರಿಗೂ ಬೇಡವಾಗಿ, ಅಲ್ಲಿ ಅಕೇಶಿಯಾ, ರಬ್ಬರ್, ಕೊನೆಗೆ ಕೆಂಪುಕಲ್ಲಿನ ಕೋರೆ ಬಂದವು. ಇದರಲ್ಲಿ ತಪ್ಪು ಮಾಡಿದವರು ಯಾರು ಎಂದು ಬೊಟ್ಟು ಮಾಡಲು ನನಗೆ ಸಾಧ್ಯವಾಗಿಲ್ಲ. ಊರು ಬಿಟ್ಟವರು ಹೊಟ್ಟೆಪಾಡಿಗೆ ಹೋದರು, ಉಳಿದವರು ತಮ್ಮಿಂದಾದಷ್ಟು ಮಾಡಿದರು. ನೀರು ಮಾತ್ರ ಹೋಯಿತು.

ಹೋದವರು ಕಳಿಸಿದ ಹಣ ಊರಿಗೆ ಮರಳಿದ್ದು ಮನೆಯ ರೂಪದಲ್ಲಿ. ಮಳೆನೀರನ್ನು ಹೀರಿಕೊಂಡು ಮೆಲ್ಲಗೆ ಒಸರುವ ಮುರಕಲ್ಲಿನ (ಕೆಂಪುಕಲ್ಲಿನ) ಪದವುಗಳನ್ನು, ಅಂದರೆ ಎತ್ತರದ ಬಯಲುಗಳನ್ನು, ಅಗೆದು ಕಲ್ಲು ತೆಗೆದರು, ಅಗೆದ ಮಣ್ಣನ್ನು ತಂದು ಬೈಲಿಗೆ ತುಂಬಿಸಿದರು. ಮಂಗಳೂರಿನ ಕೊಡಿಯಾಲ್‌ಬೈಲು, ಉಡುಪಿಯ ಬೈಲಕೆರೆ ತಮ್ಮ ಹೆಸರಿನಲ್ಲಿಯೇ ತಾವು ಏನಾಗಿದ್ದೆವು ಎಂಬುದನ್ನು ಹೇಳುತ್ತವೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿ ಸೇರಿದಂತೆ ತಗ್ಗು ಪ್ರದೇಶಗಳೆಲ್ಲ ಮುಳುಗಿದವು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ಕಲ್ಸಂಕ, ಬೈಲಕೆರೆ, ಮಠದಬೆಟ್ಟು ಪರಿಸರದಲ್ಲಿ ದೋಣಿಯಲ್ಲಿ ಜನರನ್ನು ಸಾಗಿಸಬೇಕಾಯಿತು. ಅರಬ್ಬೀ ಸಮುದ್ರ ಬಿಸಿಯಾಗುತ್ತಿರುವುದರಿಂದ ಇಂತಹ ದಿಢೀರ್ ಮಳೆ ಹೆಚ್ಚುತ್ತಿದೆ ಎಂಬ ತಜ್ಞರ ಮಾತು ನಿಜ. ಆ ಮಳೆ ಬಂದು ನಿಲ್ಲಬೇಕಾದ ಗದ್ದೆ ಈಗ ಇಲ್ಲ ಎಂಬುದೂ ಅಷ್ಟೇ ನಿಜ. 2016, 2019ರ ಬೇಸಗೆಗಳಲ್ಲಿ ಇದೇ ಮಂಗಳೂರಿಗೆ ನೀರಿನ ರೇಷನ್ ಮಾಡಬೇಕಾಯಿತು.

ಆ ಮನೆಗಳನ್ನು ಕಟ್ಟಿದವರು ಬೇರೆ ಊರಿನವರು. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರಿನಿಂದ ಘಟ್ಟ ಇಳಿದು ಬಂದವರನ್ನು ನಾವು ಯಾವ ಜಿಲ್ಲೆಯೆಂದು ವಿಚಾರಿಸದೆ ‘ಬಿಜಾಪುರದವರು’ ಎಂದು ಕರೆದು ಮುಗಿಸುತ್ತೇವೆ, ಇದು ನನಗೆ ಯಾವತ್ತೂ ನೋವಿನ ಸಂಗತಿ. ಅವರ ಹಿಂದೆಯೂ ಒಂದೊಂದು ನೆಲದ ಕಥೆಯಿದೆ: ಮಳೆ ಕೈಕೊಟ್ಟ ಎರೆಹೊಲ, ಆಲಮಟ್ಟಿಯ ಹಿನ್ನೀರಿಗೆ ಹೋದ ಊರು, 2009ರ ಪ್ರವಾಹದಲ್ಲಿ ಕುಸಿದ ಮಣ್ಣಿನ ಮನೆ. ಬರದಿಂದ, ನೆರೆಯಿಂದ ಎದ್ದು ಬಂದವರಿಗೆ ಇಲ್ಲಿ ಸಿಕ್ಕಿದ ಜಾಗ ಹೊಳೆಯ ಬದಿಯ, ತೋಡಿನ ಬದಿಯ ತಗ್ಗು. ಮಳೆಗಾಲ ಬಂದಾಗ ಮೊದಲು ಏಳಬೇಕಾದವರೂ ಅವರೇ. ಈಗ ಅವರ ಜೊತೆಗೆ ಒಡಿಶಾ, ಜಾರ್ಖಂಡ್, ಬಂಗಾಳದವರೂ ಸೇರಿದ್ದಾರೆ. ಮಲ್ಪೆಯ ಬೋಟುಗಳಲ್ಲಿಯೂ ಹೊರರಾಜ್ಯದ ದುಡಿಮೆಗಾರರೇ ಹೆಚ್ಚು, ಜೂನ್ 1ಕ್ಕೆ ಮೀನುಗಾರಿಕೆಗೆ ರಜೆ ಬೀಳುತ್ತಲೇ ಅವರು ಗಂಟುಮೂಟೆ ಕಟ್ಟಿ ರೈಲು ಹತ್ತುತ್ತಾರೆ.

ಮಲ್ಪೆಯ ಬೋಟಿನಲ್ಲಿ ಮೀನುಗಾರ ಮೊಗವೀರರ ಹುಡುಗರು ಕಡಿಮೆಯಾದದ್ದಕ್ಕೂ ಹಿನ್ನೆಲೆಯಿದೆ. 1970ರ ದಶಕದ ಮಧ್ಯದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದ ಕೆಲವೇ ವರ್ಷಗಳಲ್ಲಿ, ಇಡೀ ಪಟ್ಣ (ಮೊಗವೀರರ ಕೇರಿ) ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಬಿತ್ತು. ಪಾಲಿನ ಮೀನು ಇಲ್ಲದಾದಾಗ ಹಲವು ಮನೆಗಳ ಮಕ್ಕಳು ಮುಂಬಯಿಗೆ ನಡೆದರು. ಉಳಿದವರಿಗೆ ಕಳೆದ ದಶಕದಲ್ಲಿ ಬೂತಾಯಿ ಮೀನೂ ಕೆಲವು ವರ್ಷ ಕೈಕೊಟ್ಟಿತು. ಉಳ್ಳಾಲ, ಸೋಮೇಶ್ವರದ ಕಡೆಯವರಿಗೆ ಇದರ ಮೇಲೆ ಕಡಲ್ಕೊರೆತ. 1990ರ ದಶಕದಲ್ಲಿ ನದಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಕಟ್ಟಿದ ತಡೆದಂಡೆಗಳು ಮರಳಿನ ಓಡಾಟವನ್ನು ಬದಲಿಸಿದವು. ನೇತ್ರಾವತಿಯ ಅಣೆಕಟ್ಟುಗಳು ಮತ್ತು ಮರಳುಗಾರಿಕೆ ಕಡಲಿಗೆ ಬರುವ ಮರಳನ್ನೇ ಕಡಿಮೆ ಮಾಡಿದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಕಾಮಗಾರಿ ನಡೆದ ಮೇಲೂ, ತಡೆಗೋಡೆ ಮುಗಿದಲ್ಲಿಂದ ಮುಂದಿನ ತೆಂಗಿನ ಮರಗಳು ಬೇರು ತೋರಿಸಿ ನಿಂತಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಅಲ್ಲಿನ ಮನೆಗಳವರು ಮಳೆಗಾಲದಲ್ಲಿ ನೆಂಟರ ಮನೆಗೆ, ಮಳೆ ನಿಂತ ಮೇಲೆ ಮರಳಿ ಅದೇ ಮನೆಗೆ ಎಂದು ವರ್ಷಗಳಿಂದ ಹೋಗಿ ಬರುತ್ತಿದ್ದಾರೆ. ಇದನ್ನು ವಲಸೆ ಎಂದು ಯಾವ ಕಡತವೂ ಬರೆದುಕೊಳ್ಳುವುದಿಲ್ಲ.

2020ರ ಮೇ ತಿಂಗಳಲ್ಲಿ ಒಮ್ಮೆ ಎಲ್ಲ ಹಿಂದುಮುಂದಾಯಿತು. ಮಹಾರಾಷ್ಟ್ರದಿಂದ ಊರಿಗೆ ಮರಳಿದ ಸಾವಿರಾರು ಮಂದಿ ಉಡುಪಿಯ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮುಗಿಸಿ ತಮ್ಮ ತಮ್ಮ ಬೈಲಿಗೆ ಹೋದರು. ಎಷ್ಟೋ ವರ್ಷದ ಬಳಿಕ ಮನೆಗಳ ಬೀಗ ತೆರೆಯಿತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ಎರಡು ದಶಕ ಪೊದೆ ಬೆಳೆದಿದ್ದ ಗದ್ದೆಗಳಲ್ಲಿ ಮತ್ತೆ ಏಣೆಲು ನಾಟಿಯಾಯಿತು. ಆ ಮಳೆಗಾಲ ಕಳೆದ ಮೇಲೆ ಬಾವಿಗಳಲ್ಲಿ ನೀರು ಹೆಚ್ಚು ದಿನ ನಿಂತಿತೆಂದು ಹಲವರು ಹೇಳಿದ್ದನ್ನು ನಾನು ಕೇಳಿದ್ದೇನೆ. ಮುಂಬಯಿಯ ಹೋಟೆಲುಗಳು ತೆರೆದಾಗ ಬಂದವರಲ್ಲಿ ಹೆಚ್ಚಿನವರು ಹಿಂದಿರುಗಿದರು.

ಈಗ ಕಟ್ಟಗಳ ಜಾಗದಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಕಾಂಕ್ರೀಟಿನ ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ, ತೆಗೆದರೆ ಹರಿಯುತ್ತದೆ. ಒಳ್ಳೆಯ ಏರ್ಪಾಡು, ಆದರೆ ಹಲಗೆ ಇಳಿಸಲೂ ಕೈ ಬೇಕು, ಹೊತ್ತೂ ಗೊತ್ತಿರಬೇಕು. ನಾನು ಹೇಳಿದ ಆ ಬೈಲಿನಲ್ಲಿಯೂ ಒಂದು ಕಿಂಡಿ ಅಣೆಕಟ್ಟಿದೆ. ಹೋದ ವರ್ಷ ಹಲಗೆ ಹಾಕುವ ಗುತ್ತಿಗೆ ಕೈಸೇರುವಾಗ ಜನವರಿ ಬಂದಿತ್ತು, ತೋಡಿನಲ್ಲಿ ಹರಿವು ದಾರದಷ್ಟಾಗಿತ್ತು. ಈ ವರ್ಷ ಡಿಸೆಂಬರಿನ ಮೊದಲ ಭಾನುವಾರ ಊರವರೇ ನಾಲ್ಕು ಮಂದಿ ಸೇರಿದರು. ನೀರಿಗೆ ಇಳಿದ ಇಬ್ಬರು ಹುಡುಗರು ಕೊಪ್ಪಳದವರು, ಅಲ್ಲಿಯೇ ಒಂದು ಹಳೆಯ ಮನೆಯಲ್ಲಿ ಬಾಡಿಗೆಗಿದ್ದು ಗಾರೆ ಕೆಲಸ ಮಾಡುವವರು. ಹಲಗೆಗಳ ಮೇಲೆ ಯಾವ ಕಿಂಡಿಗೆ ಯಾವುದು ಎಂದು ಇದ್ದಿಲಿನಿಂದ ಬರೆದ ಗುರುತು ಅಳಿಸಿಹೋಗಿತ್ತು. ಸೋರುವ ಜಾಗ ಗೊತ್ತಿದ್ದ ಹಿರಿಯರ ಮಗಳು ದಂಡೆಯ ಮೇಲೆ ನಿಂತು ತನಗೆ ನೆನಪಿದ್ದಷ್ಟನ್ನು ಹೇಳಿದರು. ಎರಡು ಹಲಗೆಗಳಿಗೆ ಗೆದ್ದಲು ಹಿಡಿದಿದ್ದರಿಂದ ಮೂರನೆಯ ಕಿಂಡಿಯಲ್ಲಿ ನೀರು ಇನ್ನೂ ಸೋರುತ್ತಿದೆ, ಉಳಿದವು ನಿಂತಿವೆ.