ಊರಿನ ಲೆಕ್ಕ ನೋಡುವವರು ಯಾರು?

ಸ್ಥಳೀಯ ಸಂಸ್ಥೆಯ ಹಣ ಸೋರಿಹೋದ ಸುದ್ದಿ ಬಂದಾಗಲೆಲ್ಲ ಕಾನೂನು ಬಿಗಿಯಾಗಬೇಕು ಎಂಬ ಮಾತು ಏಳುತ್ತದೆ. ಹಿಂದಿನದನ್ನು ನೋಡಿದರೆ ಕಾನೂನಿಗೆ ಅಂಥ ಬರವೇನೂ ಇರಲಿಲ್ಲ. ಲೆಕ್ಕ ಬರೆದವರನ್ನು ಬಿಟ್ಟು ಇನ್ನೊಬ್ಬರು ಅದನ್ನು ನೋಡಿದರಾ? ನೋಡಿದ್ದರೆ ಯಾವಾಗ? ಹಣ ಉಳಿದದ್ದು, ಹೋದದ್ದು ಹೆಚ್ಚಾಗಿ ಇದರ ಮೇಲೆ.

ಕ್ರಿ.ಪೂ. 4ನೇ ಶತಮಾನದ ಅಥೆನ್ಸ್‌ನಲ್ಲಿ ಇದಕ್ಕೆ ಕಟ್ಟುನಿಟ್ಟಾದ ಏರ್ಪಾಡು ಇತ್ತು. ಬಹುತೇಕ ಅಧಿಕಾರಿಗಳ ಅವಧಿ ಒಂದೇ ವರ್ಷ. ಮುಗಿದ ಕೂಡಲೇ ಲೆಕ್ಕ ಒಪ್ಪಿಸಬೇಕು. ಅದನ್ನು ಪರಿಶೀಲಿಸುವ 10 ಜನರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಹಾಗಾಗಿ ಮೊದಲೇ ಯಾರನ್ನೂ ಒಲಿಸಿಕೊಳ್ಳುವುದು ಸುಲಭವಿರಲಿಲ್ಲ. ಲೆಕ್ಕ ಚುಕ್ತಾ ಆಗುವವರೆಗೆ ಅಧಿಕಾರಿ ಊರು ಬಿಡುವಂತಿಲ್ಲ, ತನ್ನ ಆಸ್ತಿಯನ್ನು ದೇವರಿಗೆ ಅರ್ಪಿಸುವಂತೆಯೂ ಇಲ್ಲ. ಯಾವ ನಾಗರಿಕ ಬೇಕಾದರೂ ಎದ್ದು ದೂರು ಹೇಳಬಹುದಿತ್ತು.

ಇಟಲಿಯ ಜಿನೋವಾ ನಗರ ಬೇರೆ ದಾರಿ ಹಿಡಿಯಿತು. ಮೋಸ ಜಾಸ್ತಿಯಾಗಿದೆ ಎಂದು 1327ರಲ್ಲಿ ಅಲ್ಲಿನ ಆಡಳಿತ, ನಗರದ ಲೆಕ್ಕವನ್ನೂ ಬ್ಯಾಂಕುಗಳ ಹಾಗೆಯೇ ಬರೆಯಬೇಕು ಎಂದು ಆದೇಶಿಸಿತು. ಅಲ್ಲಿ ಉಳಿದುಬಂದಿರುವ 1340ರ ಪುಸ್ತಕಗಳಲ್ಲಿ ಪ್ರತಿ ವ್ಯವಹಾರವೂ ಎರಡು ಕಡೆ ದಾಖಲಾಗಿದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ತಾಳೆಯಾಗುವುದಿಲ್ಲ.

ಇಂದಿನ ಆಡಿಟ್‌ಗೆ ಹತ್ತಿರವಾದ ರೂಪ ಬಂದದ್ದು ಇಂಗ್ಲೆಂಡಿನಲ್ಲಿ. ಬಡವರ ನೆರವಿನ ಹಣವನ್ನು ಸ್ಥಳೀಯ ಮಂಡಳಿಗಳು ಹೇಗೆ ಖರ್ಚು ಮಾಡುತ್ತಿವೆ ಎಂದು ನೋಡಲು 1844ರ ಕಾಯ್ದೆ ಜಿಲ್ಲಾ ಲೆಕ್ಕಪರಿಶೋಧಕರನ್ನು ತಂದಿತು. ಕಾನೂನು ಮೀರಿದ ಖರ್ಚನ್ನು ಅವರು ತಳ್ಳಿಹಾಕಬಹುದಿತ್ತು, ಆ ಹಣವನ್ನು ಕಾರಣರಾದವರ ಕೈಯಿಂದಲೇ ತುಂಬಿಸಬಹುದಿತ್ತು. ದೊಡ್ಡ ಅಧಿಕಾರವೇ. ಅದರ ಅಪಾಯ ಕಂಡದ್ದು ಲಂಡನ್ನಿನ ಪಾಪ್ಲರ್‌ನಲ್ಲಿ. ಅಲ್ಲಿನ ಕೌನ್ಸಿಲ್ ತನ್ನ ಕೆಲಸಗಾರರಿಗೆ, ಗಂಡಸರು ಹೆಂಗಸರು ಎನ್ನದೆ, ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ ಕೊಟ್ಟಿತು. ಇದು ಅತಿಯಾಯಿತು ಎಂದು ಪರಿಶೋಧಕರು ತಳ್ಳಿಹಾಕಿದರು. 1925ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಪರಿಶೋಧಕರ ಪರವಾಗಿ ತೀರ್ಪು ಕೊಟ್ಟಿತು. ನನ್ನ ಮಟ್ಟಿಗೆ ಆ ತೀರ್ಪು ತಪ್ಪು. ಹಣ ಹೇಳಿದ ಕೆಲಸಕ್ಕೇ ಹೋಯಿತೇ ಎಂದು ನೋಡುವುದು ಪರಿಶೋಧಕರ ಕೆಲಸ. ಯಾರಿಗೆ ಎಷ್ಟು ಕೂಲಿ ಕೊಡಬೇಕು ಎಂದು ತೀರ್ಮಾನಿಸಲು ಜನ ಬೇರೆಯವರನ್ನು ಆರಿಸಿ ಕಳಿಸಿದ್ದಾರೆ, ಅಲ್ವಾ?

ಆಡಿಟ್ ಇದ್ದೂ ಹಣ ಹೋದ ಕಥೆಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಸನ್ ಪಟ್ಟಣದ್ದನ್ನು ವಿವರವಾಗಿ ನೋಡಬೇಕು. ಸುಮಾರು 16,000 ಜನರ ಊರು. 1990ರಿಂದ 2012ರವರೆಗೆ ಅಲ್ಲಿನ ಹಣಕಾಸು ಅಧಿಕಾರಿ ಕದ್ದದ್ದು 5.3 ಕೋಟಿ ಡಾಲರಿಗೂ ಹೆಚ್ಚು. ಉಪಾಯ ಬಹಳ ಸರಳ. ಪಟ್ಟಣದ ಹೆಸರಿನಂತೆಯೇ ಕಾಣುವ ಒಂದು ಬ್ಯಾಂಕ್ ಖಾತೆ ತೆರೆದರು. ರಾಜ್ಯ ಸರ್ಕಾರಕ್ಕೆ ಕಟ್ಟಬೇಕಾದ ಹಣ ಎಂದು ಸುಳ್ಳು ಬಿಲ್ ಬರೆದು ಅಲ್ಲಿಗೆ ವರ್ಗಾಯಿಸಿದರು. ಖರ್ಚಿಗೆ ಹಣ ಸಾಲದಾದಾಗ, ರಾಜ್ಯದಿಂದ ಬರಬೇಕಾದ ಪಾಲು ತಡವಾಗಿದೆ ಎಂದರು. ಬಿಲ್ ಸಿದ್ಧಪಡಿಸುವುದು, ಚೆಕ್ ಬರೆಯುವುದು, ಬ್ಯಾಂಕಿನ ಪಟ್ಟಿ ತಾಳೆ ನೋಡುವುದು, ಎಲ್ಲವೂ ಒಬ್ಬರ ಕೈಯಲ್ಲೇ ಇತ್ತು. ಪ್ರತಿ ವರ್ಷ ಆಡಿಟ್ ನಡೆಯಿತು. ಒಮ್ಮೆಯೂ ಸಿಕ್ಕಿಬೀಳಲಿಲ್ಲ.

ಮೊದಲ ಸುಳಿವು ಸಿಕ್ಕಿದ್ದು 2011ರಲ್ಲಿ, ಆಕೆ ದೀರ್ಘ ರಜೆಯಲ್ಲಿದ್ದಾಗ. ಅವರ ಕೆಲಸ ನೋಡುತ್ತಿದ್ದ ಇನ್ನೊಬ್ಬ ಉದ್ಯೋಗಿ ಪಟ್ಟಣದ ಎಲ್ಲ ಖಾತೆಗಳ ವಿವರ ಕಳಿಸಿ ಎಂದು ಬ್ಯಾಂಕಿಗೆ ಕೇಳಿದರು. ಯಾರಿಗೂ ಗೊತ್ತಿಲ್ಲದ ಖಾತೆ ಅದರಲ್ಲಿ ಬಂತು. ಅವರು ಅದನ್ನು ಮೇಯರ್ ಮುಂದೆ ಇಟ್ಟರು. ಹಣ ಕೊಡುವವರು, ಬರೆಯುವವರು, ತಾಳೆ ನೋಡುವವರು ಬೇರೆ ಬೇರೆ ಇರಬೇಕು, ಹಣದ ಕೆಲಸದಲ್ಲಿ ಇರುವವರು ವರ್ಷಕ್ಕೊಮ್ಮೆ ರಜೆ ಹಾಕಲೇಬೇಕು ಎಂದು ಆಡಳಿತದ ಪಾಠಗಳಲ್ಲಿ ಬರೆದಿರುವುದು ಸುಮ್ನೆ ಅಲ್ಲ. ಮುಂದೆ ಆಡಿಟ್ ಸಂಸ್ಥೆಗಳು ಮತ್ತು ಬ್ಯಾಂಕಿನಿಂದ ಪಟ್ಟಣಕ್ಕೆ 4 ಕೋಟಿ ಡಾಲರ್ ಪರಿಹಾರ ಸಿಕ್ಕಿತು.

ನಮ್ಮಲ್ಲಿ ಜನರೇ ಲೆಕ್ಕ ಕೇಳುವ ದಾರಿ ರಾಜಸ್ಥಾನದಲ್ಲಿ ಹುಟ್ಟಿತು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಕೂಲಿಕಾರರು, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನ ಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿತು. ಕಾಮಗಾರಿಗಳ ಬಿಲ್ಲು, ಕೂಲಿಯವರ ಹಾಜರಿ ಪಟ್ಟಿಗಳಾದ ಮಸ್ಟರ್ ರೋಲ್‌ಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ದಾಖಲೆ ಏನು ಹೇಳುತ್ತದೆ, ನಿಜಕ್ಕೂ ಏನಾಯಿತು ಎಂದು ಕೆಲಸ ಮಾಡಿದವರೇ ಅಲ್ಲಿ ಹೇಳಿದರು. ಆಡಿಟರ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಕಾಗದದಿಂದ ಇದನ್ನು ಹಿಡಿಯಲಾರರು. ಸಹಿ, ಮೊಹರು ಸರಿಯಿದ್ದರೆ ಅವರಿಗೆ ಎಲ್ಲವೂ ಸರಿ. ಆದರೆ ಆ ಚೆಕ್ ಡ್ಯಾಮ್ ಕಟ್ಟಿದ್ದಾರೋ ಇಲ್ಲವೋ ಊರವರಿಗೆ ಗೊತ್ತು. ದಾಖಲೆಯ ನಕಲು ಸಿಗುವುದೇ ಅಂದು ದೊಡ್ಡ ಹೋರಾಟವಾಗಿತ್ತು. 1996ರಲ್ಲಿ ಅದಕ್ಕಾಗಿ ಬ್ಯಾವರ್‌ನಲ್ಲಿ 40 ದಿನ ಧರಣಿ ನಡೆಯಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್, ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು.

ಬ್ರೆಜಿಲ್ 2003ರಲ್ಲಿ ಲಾಟರಿ ಎತ್ತಿ ಸಣ್ಣ, ಮಧ್ಯಮ ನಗರಸಭೆಗಳ ಆಡಿಟ್ ಶುರುಮಾಡಿತು. ವರದಿಗಳನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಭ್ರಷ್ಟಾಚಾರ ಬಯಲಾದ ಮೇಯರ್‌ಗಳು ಮರಳಿ ಗೆಲ್ಲುವ ಸಾಧ್ಯತೆ ಕಡಿಮೆಯಾಯಿತು, ಸ್ಥಳೀಯ ರೇಡಿಯೊ ಇದ್ದ ಕಡೆ ಇನ್ನಷ್ಟು ಕಡಿಮೆಯಾಯಿತು ಎಂದು ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ವರದಿ ಬರೆದರಷ್ಟೇ ಸಾಲದು, ಅದು ಜನರ ಕಿವಿಗೂ ಬೀಳಬೇಕು.

ಇಷ್ಟೆಲ್ಲ ಕಲಿತ ಮೇಲೂ ಹಿಂದಕ್ಕೆ ಜಾರುವುದು ಉಂಟು. ಇಂಗ್ಲೆಂಡಿನಲ್ಲಿ 1983ರಿಂದ ಸ್ಥಳೀಯ ಸಂಸ್ಥೆಗಳ ಆಡಿಟ್ ನೋಡಿಕೊಳ್ಳುತ್ತಿದ್ದ ಆಡಿಟ್ ಕಮಿಷನ್ ಅನ್ನು 2015ರಲ್ಲಿ ಮುಚ್ಚಲಾಯಿತು. ಪರಿಶೋಧಕರ ಕೊರತೆ ಸೇರಿ ಹಲವು ಕಾರಣಕ್ಕೆ ಕೆಲಸ ಹಿಂದೆ ಬಿತ್ತು. 2023ರ ಸೆಪ್ಟೆಂಬರ್ ಕೊನೆಗೆ 900ಕ್ಕೂ ಹೆಚ್ಚು ಆಡಿಟ್‌ಗಳು ಬಾಕಿ ಇದ್ದವು. 2022–23ರ ಆಡಿಟ್ ಆದ ಲೆಕ್ಕವನ್ನು ಗಡುವಿನೊಳಗೆ ಪ್ರಕಟಿಸಿದ್ದು ಶೇ. 1ರಷ್ಟು ಸಂಸ್ಥೆಗಳು ಮಾತ್ರ. ಬಾಕಿ ತೀರಿಸಲು ಸರ್ಕಾರ 2024ರ ಡಿಸೆಂಬರ್ 13ರ ಕೊನೆಯ ದಿನ ಗೊತ್ತುಮಾಡಿತು. ಆ ದಿನಕ್ಕೆ ನೂರಾರು ಲೆಕ್ಕಗಳು ಮುಗಿದವು ನಿಜ. ಆದರೆ ‘ಅಭಿಪ್ರಾಯ ಹೇಳಲು ಸಾಧ್ಯವಿಲ್ಲ’ ಎಂಬ ಪರಿಶೋಧಕರ ಟಿಪ್ಪಣಿಯೊಂದಿಗೆ ಮುಗಿದವು. ಒಂದು ವರ್ಷದ ಕೊನೆಯ ಶಿಲ್ಕೇ ಮುಂದಿನ ವರ್ಷದ ಆರಂಭದ ಶಿಲ್ಕು. ಅದೇ ಖಚಿತವಿಲ್ಲದಿದ್ದರೆ ಮುಂದಿನ ವರ್ಷಗಳ ಲೆಕ್ಕಕ್ಕೂ ಪರಿಶೋಧಕರು ಧೈರ್ಯದಿಂದ ಸಹಿ ಹಾಕಲಾರರು. ಕೌನ್ಸಿಲ್ ಸದಸ್ಯರು ಅಂಥ ಅಂಕಿಗಳನ್ನೇ ಮುಂದಿಟ್ಟುಕೊಂಡು ತೆರಿಗೆ ಎಷ್ಟು, ಯಾವ ಸೇವೆಗೆ ಎಷ್ಟು ಕಡಿತ ಎಂದು ಮತ ಹಾಕಬೇಕಾಗಿದೆ.