ಮೇಣದ ಮನೆ, ಕಲ್ಲಿನ ಮನೆ

ಕಾರವಾರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿ ನಡೆದ ಒಂದು ಕಮ್ಮಟದಲ್ಲಿ, ಕಾಗೆ–ಗುಬ್ಬಿಯ ಕಥೆಯನ್ನು ಅವರವರ ಮನೆಯಲ್ಲಿ ಕೇಳಿದಂತೆಯೇ ಬರೆದುಕೊಡಿ ಎಂದು ಕೇಳಿಕೊಂಡಿದ್ದೆ. ಬಂದ ಬರಹಗಳಲ್ಲಿ ಕಾಗೆಯ ಮನೆ ಎಲ್ಲೆಡೆಯೂ ಸಗಣಿಯದೇ ಆಗಿತ್ತು. ಗುಬ್ಬಿಯ ಮನೆ ಮಾತ್ರ ಘಟ್ಟದ ಮೇಲಿನಿಂದ ಬಂದವರ ಬರಹದಲ್ಲಿ ಕಲ್ಲಿನದಾಗಿದ್ದರೆ, ಸದಾಶಿವಗಡ, ಮಾಜಾಳಿ ಕಡೆಯ ಕೆಲವರಲ್ಲಿ ಮೇಣದ್ದಾಗಿತ್ತು. ಮೇಣವೆಂದು ಬರೆದಿದ್ದ ಶಿಕ್ಷಕಿಯೊಬ್ಬರು ಉಳಿದವರದನ್ನು ಕೇಳಿದ ಮೇಲೆ ಸಂಕೋಚಪಟ್ಟುಕೊಂಡು, “ನಾನೇ ತಪ್ಪಾಗಿ ನೆನಪಿಟ್ಟುಕೊಂಡಿರಬೇಕು ಸರ್, ಮೇಣದ ಮನೆ ಬಿಸಿಲಿಗೆ ಕರಗಿಹೋಗುವುದಿಲ್ಲವೇ?” ಎಂದರು.

ಅವರು ತಪ್ಪಾಗಿ ನೆನಪಿಟ್ಟುಕೊಂಡಿರಲಿಲ್ಲ. ಮರಾಠಿಯಲ್ಲಿ ಈ ಕಥೆ ಹೇಳುವಾಗ ಕಾಗೆಯ ಮನೆ ‘ಶೇಣಾಚಂ’, ಗುಬ್ಬಿಯ ಮನೆ ‘ಮೇಣಾಚಂ’. ಶೇಣವೆಂದರೆ ಸಗಣಿ, ಮೇಣವೆಂದರೆ ಮೇಣವೇ. ಗುಬ್ಬಿ ಮೇಣದಿಂದ ಮನೆ ಕಟ್ಟಿದ್ದಕ್ಕೆ ಆ ಪ್ರಾಸವಲ್ಲದೆ ಬೇರೆ ಕಾರಣವನ್ನು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಕನ್ನಡದಲ್ಲಿ ಸಗಣಿಗೂ ಮೇಣಕ್ಕೂ ಪ್ರಾಸ ಕೂಡುವುದಿಲ್ಲವಾದ್ದರಿಂದ ಮೇಣವನ್ನು ಹಿಡಿದಿಡುವ ಶಕ್ತಿ ಇಲ್ಲಿ ಯಾವುದಕ್ಕೂ ಇಲ್ಲ; ಹಾಗಾಗಿ ಮಳೆಗೆ ಜಗ್ಗದ ಕಲ್ಲು ಆ ಜಾಗಕ್ಕೆ ಬಂದು ಕೂತಿದೆ. 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದ, ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಅಂಗಳದಲ್ಲಿ ಕೇಳಿಬರುವ ಈ ಜಿಲ್ಲೆಯ ಉತ್ತರ ತುದಿಯಲ್ಲಿ ಮೇಣ ಇನ್ನೂ ಕರಗದೆ ಉಳಿದಿರುವುದು ಸಹಜವೇ ಆಗಿದೆ. ಯಾವುದು ಮೊದಲಿನದು, ಯಾವುದು ಅದರ ನಕಲು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನನ್ನ ಕುತೂಹಲವಿರುವುದು ಕಥೆ ಭಾಷೆಯಿಂದ ಭಾಷೆಗೆ ದಾಟುವ ಗಡಿಯಲ್ಲಿ ಅದರ ಅದ್ಭುತಕ್ಕೆ ಏನಾಗುತ್ತದೆ ಎಂಬುದರಲ್ಲಿ.

ಅದೇ ಕಮ್ಮಟದಲ್ಲಿ ಒಬ್ಬರು, “ಇದು ಇಂಗ್ಲಿಷಿನ ಮೂರು ಹಂದಿಮರಿಗಳ ಕಥೆಯೇ ಅಲ್ಲವೇ?” ಎಂದು ಕೇಳಿದರು. ಜೋಸೆಫ್ ಜೇಕಬ್ಸ್ 1890ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಥೆಗಳ ಸಂಗ್ರಹದಿಂದ ಮನೆಮಾತಾದ ಆ ಕಥೆಯಲ್ಲಿಯೂ ಗಟ್ಟಿ ಮನೆ, ಟೊಳ್ಳು ಮನೆಗಳಿವೆ ಎಂಬುದು ನಿಜ. ಆದರೆ ಅಲ್ಲಿ ಬಾಗಿಲು ತಟ್ಟುವುದು ತಿನ್ನಲು ಬಂದ ತೋಳ. ಇಲ್ಲಿ ತಟ್ಟುವುದು ನೆನೆದು ನಡುಗುತ್ತಿರುವ ನೆರೆಮನೆಯ ಕಾಗೆ. “ತಡಿ, ಮಗುವಿಗೆ ನೀರು ಹಾಕುತ್ತಿದ್ದೇನೆ, ತಡಿ, ಮಗುವಿಗೆ ಉಣ್ಣಿಸುತ್ತಿದ್ದೇನೆ” ಎಂದು ಗುಬ್ಬಕ್ಕ ಬಾಗಿಲು ತೆರೆಯದೆ ಕಾಯಿಸುವಾಗ ಕೇಳುವ ಮಗುವಿನ ಮನಸ್ಸು ಯಾರ ಕಡೆಗಿರಬೇಕೆಂಬುದನ್ನು ಕಥೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಲ್ಲಿ ಮನೆ ಬೀಳುವುದು ತೋಳದ ಉಸಿರಿಗೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕಾರವಾರದಲ್ಲಿ ಮನೆ ಬೀಳಿಸಲು ತೋಳವೇ ಬರಬೇಕಾಗಿಲ್ಲ.

ಹೋಲಿಕೆಗಳನ್ನು ಗುರುತಿಸಲು ನಮ್ಮ ಜಾನಪದ ಕ್ಷೇತ್ರದಲ್ಲಿ ಒಂದು ಸಲಕರಣೆಯಿದೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಸಿದ್ಧಪಡಿಸಿದ ಕಥಾವರ್ಗಗಳ ಸೂಚಿಯನ್ನು ಅಮೆರಿಕದ ಸ್ಟಿತ್ ಥಾಮ್ಸನ್ 1928ರಲ್ಲಿಯೂ 1961ರಲ್ಲಿಯೂ ವಿಸ್ತರಿಸಿದರು. ಜರ್ಮನಿಯ ಹಾನ್ಸ್-ಯೋರ್ಗ್ ಉಟರ್ 2004ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದರು. ಭಾರತದ ಮೌಖಿಕ ಕಥೆಗಳಿಗಾಗಿಯೇ ಥಾಮ್ಸನ್ ಮತ್ತು ವಾರನ್ ರಾಬರ್ಟ್ಸ್ 1960ರಲ್ಲಿ ಪ್ರತ್ಯೇಕ ಸೂಚಿಯನ್ನು ಹೊರತಂದರು. ಆರ್ನೆಯಿಂದ ಬೆಳೆದ ಆ ಮುಖ್ಯ ಸೂಚಿಯಲ್ಲಿ ಮೂರು ಹಂದಿಮರಿಗಳು 124ನೆಯ ವರ್ಗಕ್ಕೆ ಸೇರಿದರೆ ಸಿಂಡರೆಲ್ಲಾ 510ಎ ಎನಿಸಿಕೊಳ್ಳುತ್ತಾಳೆ. ಸಂಖ್ಯೆ ಇರುವುದರಿಂದಲೇ ಸಿದ್ದಾಪುರದ ಅಜ್ಜಿಯೊಬ್ಬರು ಹೇಳಿದ ಕಥೆಯನ್ನು ಇಟಲಿಯ ಇನ್ನೊಂದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗುತ್ತದೆ, ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟೋ ಸಂಶೋಧನ ಪ್ರಬಂಧಗಳು ಸಂಖ್ಯೆ ಸಿಕ್ಕಿದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುತ್ತವೆ. ಸಂಖ್ಯೆ ಹಚ್ಚುವುದಕ್ಕಾಗಿ ಕಥೆಯನ್ನು ಸಾರಾಂಶಕ್ಕೆ ಇಳಿಸುವಾಗ ಮೊದಲು ಸೋರಿಹೋಗುವುದೇ ಮಾತು; ಆ ಮಾತಿನೊಳಗೇ ಅದ್ಭುತ ಹುಟ್ಟಿರುತ್ತದೆ ಎಂಬುದು ಇಷ್ಟು ವರ್ಷ ಕಥೆಗಳನ್ನು ಕೇಳಿ ಬರೆದುಕೊಂಡ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ.

ಸಿಂಡರೆಲ್ಲಾಳ ಪಾದರಕ್ಷೆಯನ್ನೇ ನೋಡಬಹುದು. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಅದು ಗಾಜಿನದು. ಗಾಜಿನ ಚಪ್ಪಲಿ ತೊಟ್ಟು ಕುಣಿಯುವುದುಂಟೇ ಎಂಬ ಅನುಮಾನ ಬಂದು, ಗಾಜೆಂಬ ಅರ್ಥದ ‘ವೇರ್’ ಪದವೂ ಅಳಿಲಿನ ತುಪ್ಪುಳದ ಚರ್ಮವೆಂಬ ಅರ್ಥದ ‘ವೇರ್’ ಪದವೂ ಉಚ್ಚಾರದಲ್ಲಿ ಒಂದೇ ಆಗಿರುವುದರಿಂದ ಪೆರೋ ತಪ್ಪಾಗಿ ಕೇಳಿಸಿಕೊಂಡಿರಬೇಕೆಂದು ಕಾದಂಬರಿಕಾರ ಬಾಲ್ಜಾಕ್ ವಾದಿಸಿದ. ಬಹುಪಾಲು ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಪೆರೋ ಬೇಕೆಂದೇ ಗಾಜೆಂದು ಬರೆದಿದ್ದಾನೆ. ಬಾಲ್ಜಾಕನ ಸಮಸ್ಯೆಯೂ ನಮ್ಮ ಶಿಕ್ಷಕಿಯ ಸಮಸ್ಯೆಯೂ ಒಂದೇ ಜಾತಿಯದು. ಕರಗುವ ಮನೆಯನ್ನೂ ಒಡೆಯುವ ಚಪ್ಪಲಿಯನ್ನೂ ದೊಡ್ಡವರು ರಿಪೇರಿ ಮಾಡಹೊರಡುತ್ತಾರೆ. ಮಕ್ಕಳು ಅವನ್ನು ಹಾಗೆಯೇ ಒಪ್ಪಿಕೊಂಡು ಮುಂದೇನಾಯಿತೆಂದು ಕೇಳುತ್ತಾರೆ.

ಇದೇ ಕಥೆಯ ಬಹು ಹಳೆಯ ಲಿಖಿತ ರೂಪವೊಂದು ಚೀನಾದಲ್ಲಿದೆ. ಒಂಬತ್ತನೆಯ ಶತಮಾನದಲ್ಲಿ ದುವಾನ್ ಚೆಂಗ್‌ಶಿ ಎಂಬಾತ ತನ್ನ ಮನೆಯ ಹಳೆಯ ಸೇವಕನಿಂದ ಕೇಳಿ ಬರೆದುಕೊಂಡ ಯೆ ಶಿಯಾನಳ ಕಥೆಯಲ್ಲಿ, ಮಲತಾಯಿ ಕೊಂದ ಮೀನಿನ ಮೂಳೆಗಳು ಹುಡುಗಿಗೆ ಬೇಕಾದುದನ್ನು ಕೊಡುತ್ತವೆ, ಚಿನ್ನದ ಪಾದರಕ್ಷೆಯೊಂದು ಕಳೆದುಹೋಗಿ ರಾಜನ ಕೈ ಸೇರುತ್ತದೆ. ಮರಿಯನ್ ರೋಲ್ಫ್ ಕಾಕ್ಸ್ 1893ರಲ್ಲಿ ಈ ಕಥೆಯ ಮತ್ತು ಇದರ ನಂಟಿನ ಕಥೆಗಳ 345 ರೂಪಗಳನ್ನು ಒಟ್ಟುಗೂಡಿಸಿದ್ದರು.

ಇವುಗಳ ಜೊತೆಗೆ ಇಡಬೇಕಾದದ್ದು ಎ. ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿ, ಸಿಂಡರೆಲ್ಲಾ ಕಥೆಗಳ ಕುರಿತು 1982ರಲ್ಲಿ ಬಂದ ವಿದ್ವತ್ ಸಂಕಲನದಲ್ಲಿ ವಿವೇಚಿಸಿದ ಹಂಚಿಯ ಕಥೆ. ಚಿನ್ನದ ಕೂದಲಿನ ಚೆಲುವೆಯನ್ನು ಅವಳ ಅಣ್ಣನೇ ಬಯಸುತ್ತಾನೆ. ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳುಹಿಸುತ್ತಾಳೆ. ಹಂಚು ಹೊತ್ತವಳು ಹಂಚಿಯಾಗುತ್ತಾಳೆ. ಇಂಗ್ಲಿಷಿಗೆ ಹೋದಾಗ ಅದು ಬರಿಯ ಹೆಸರು. ಕನ್ನಡದ ಕಿವಿಗಾದರೋ ಮಾಡಿನ ಹಂಚು, ರೊಟ್ಟಿ ಸುಡುವ ಹಂಚು, ಒಲೆಯ ಮುಂದೆ ಬೇಯುವ ಹೆಣ್ಣು ಎಲ್ಲವೂ ಒಟ್ಟಿಗೆ ಕೇಳಿಸುತ್ತವೆ. ಇಲ್ಲಿ ಚಪ್ಪಲಿಯಿಲ್ಲ. ಅವಳನ್ನು ಕಡೆಗೆ ಗುರುತಿಸುವುದು ಅವಳ ಕೈಯಡುಗೆಯಿಂದ, ಅವಳು ಮಾಡಿದ ಅನ್ನದ ರುಚಿಯಿಂದ. ಅಡುಗೆಯಿಂದ ಗುರುತು ಸಿಗುವುದು ನಮ್ಮಲ್ಲಿ ಮಾತ್ರ ಎಂದು ಬೀಗುವಂತಿಲ್ಲ. ಪೆರೋನ ಇನ್ನೊಂದು ಕಥೆಯಲ್ಲಿ ಕತ್ತೆಯ ಚರ್ಮ ಹೊದ್ದ ರಾಜಕುಮಾರಿ ಕೇಕಿನೊಳಗೆ ಉಂಗುರ ಬಿಟ್ಟು ಗುರುತಾಗುತ್ತಾಳೆ, ಸೂಚಿಯಲ್ಲಿ ಹಂಚಿಗೆ ಹತ್ತಿರದವಳೂ ಅವಳೇ. ಅಲ್ಲಿ ಗುರುತು ಕೊಡುವುದು ಕೇಕಿನೊಳಗಿನ ಉಂಗುರ, ಇಲ್ಲಿ ಅನ್ನದೊಳಗಿನ ಕೈಗುಣ. ವ್ಯತ್ಯಾಸ ಸಣ್ಣದೆಂದು ನನಗೆ ಅನ್ನಿಸಿಲ್ಲ.

ಹಂಚಿಯ ಕಥೆಯಲ್ಲಿ ಮದುವೆ ನಡುವಿನಲ್ಲೇ ಮುಗಿದುಹೋಗುತ್ತದೆ. ಗಂಡನ ಮನೆಯ ಗುರುಸ್ವಾಮಿ ಅವಳ ಮೇಲೆ ಕಣ್ಣು ಹಾಕಿ, ಅವಳು ಒಲಿಯದಿದ್ದಾಗ ಅಪವಾದ ಹೊರಿಸಿ, ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಹೋಗುವ ದ್ವಿತೀಯಾರ್ಧವೇ ಹೆಚ್ಚು ಭಯಂಕರವಾದದ್ದು. ಹೆಣ್ಣು ನಾಯಕಿಯಾಗಿರುವ ಕಥೆಗಳಲ್ಲಿ ಮದುವೆ ಕೊನೆಯ ಬಹುಮಾನವಲ್ಲ, ಕಷ್ಟಗಳು ಮೊದಲಾಗುವುದೇ ಅಲ್ಲಿಂದ ಎಂದು ರಾಮಾನುಜನ್ ತೋರಿಸಿಕೊಟ್ಟರು. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ 31 ಕಥಾಕ್ರಿಯೆಗಳ, ಎಂದರೆ ಕಥೆಯನ್ನು ಮುಂದೆ ನಡೆಸುವ ಘಟನೆಗಳ, ಸರಣಿ ವಿವಾಹದಲ್ಲಿ ಕೊನೆಗೊಳ್ಳುತ್ತದೆ. ನಮ್ಮ ಅಜ್ಜಿಯರ ಕಥೆಗಳನ್ನು ಆ ಅಚ್ಚಿನಲ್ಲಿ ಕೂರಿಸಹೋದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಅರ್ಧ ಕಥೆ ಹೊರಗುಳಿಯಿತೆಂದು ಬಂದು ಹೇಳುತ್ತಾರೆ.

ಈ ದ್ವಿತೀಯಾರ್ಧ ಯಾರಿಗಾಗಿ ಎಂಬುದನ್ನು ನಾನು ಅರಿತದ್ದು ಶಿರಸಿ ಸೀಮೆಯ ಅಡಿಕೆ ಸುಲಿಯುವ ಅಂಗಳದಲ್ಲಿ. ಕೊಯ್ಲಿನ ದಿನಗಳಲ್ಲಿ ಊಟವಾದ ಮೇಲೆ ಮೆಟ್ಟುಗತ್ತಿಗಳ ಮುಂದೆ ಹೆಂಗಸರು ಸಾಲಾಗಿ ಕೂರುತ್ತಾರೆ. ಕೈ ತನ್ನ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿಗೆ ಬಿಡುವಿರುತ್ತದೆ. ಹೇಳುವವರಿಗೆ ಯಾರಾದರೂ ‘ಹೂಂ’ ಗುಟ್ಟಲೇಬೇಕು, ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತದೆ. ಮಕ್ಕಳು ಅಲ್ಲಿಯೇ ಕಂಬಳಿ ಹೊದ್ದು ಬಿದ್ದುಕೊಂಡು ಅರ್ಧ ಕೇಳಿ ನಿದ್ದೆಹೋಗುತ್ತಾರೆ. ಮದುವೆಯ ತನಕದ ಕಥೆ ಎಚ್ಚರವಿದ್ದ ಮಕ್ಕಳದು, ಅನಂತರದ್ದು ಸುಲಿಯುವವರದು.

ಗ್ರಿಮ್ ಸಹೋದರರ ಸಂಗ್ರಹವೂ ಮೊದಲು ಮಕ್ಕಳ ಪುಸ್ತಕವಾಗಿರಲಿಲ್ಲ. 1812ರಲ್ಲಿ ಬಂದ ಮೊದಲ ಸಂಪುಟದಲ್ಲಿ ಚಿತ್ರಗಳಿರಲಿಲ್ಲ, ವಿದ್ವತ್ ಟಿಪ್ಪಣಿಗಳಿದ್ದವು. ಅದರಲ್ಲಿ ಹಿಮದಂಥ ಹುಡುಗಿ ಸ್ನೋವೈಟ್‌ಳನ್ನು ಕೊಲ್ಲಿಸಹೊರಡುವವಳು ಹೆತ್ತ ತಾಯಿಯೇ; 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿಯಾಗಿಸಿದರು. ಗೋಪುರದಲ್ಲಿದ್ದ ರಪುಂಜೆಲ್ ತನ್ನ ಬಟ್ಟೆ ಬಿಗಿಯಾಗುತ್ತಿದೆಯಲ್ಲ ಎಂದು ಮುಗ್ಧವಾಗಿ ಕೇಳಿ ಗರ್ಭವತಿಯೆಂಬುದನ್ನು ಬಿಟ್ಟುಕೊಡುವ ಮಾತನ್ನು ತೆಗೆದುಹಾಕಿದರು. 50 ಕಥೆಗಳ ಸಚಿತ್ರ ಕಿರು ಆವೃತ್ತಿ 1825ರಲ್ಲಿ ಬಂದ ಮೇಲೆ ಇವು ಮಕ್ಕಳ ಕಥೆಗಳೇ ಎಂಬುದು ಲೋಕರೂಢಿಯಾಯಿತು.

ಗ್ರಿಮ್ಮರನ್ನು ದೂರುವ ಅಧಿಕಾರ ನನಗಿಲ್ಲ. ಕೆಲವು ವರ್ಷಗಳ ಹಿಂದೆ ಮಕ್ಕಳ ಸಂಕಲನವೊಂದಕ್ಕಾಗಿ ಕಥೆಯೊಂದನ್ನು ಕೇಳಿದ್ದರು. ನಾನು ಆರಿಸಿಕೊಂಡದ್ದು ಆ ಅಂಗಳದಲ್ಲೇ ಧ್ವನಿಮುದ್ರಿಸಿಕೊಂಡಿದ್ದ, ಕನ್ನಡದಲ್ಲಿ ಹಲವು ಕಡೆ ಪ್ರಚಲಿತವಿರುವ ಸೊಸೆಯ ಕಥೆಯನ್ನು. ಅತ್ತೆ ಹೊಟ್ಟೆಗೆ ಹಾಕುವುದಿಲ್ಲ. ಸೊಸೆ ಕದ್ದು ಪತ್ರೊಡೆ ಮಾಡಿ ದೇವಿಯ ಗುಡಿಯಲ್ಲಿ ಕೂತು ಒಬ್ಬಳೇ ಅಷ್ಟನ್ನೂ ತಿಂದು ಮುಗಿಸುತ್ತಾಳೆ. ಅದನ್ನು ನೋಡಿದ ಕಲ್ಲಿನ ದೇವಿ ಮೂಗಿನ ಮೇಲೆ ಬೆರಳಿಡುತ್ತಾಳೆ. ಬೆಳಿಗ್ಗೆ ಊರವರು ಬಂದು ನೋಡಿದರೆ ವಿಗ್ರಹದ ಬೆರಳು ಮೂಗಿನ ಮೇಲೇ ಇದೆ, ಯಾವ ಪೂಜೆಗೂ ಇಳಿಯಲೊಲ್ಲದು. ಕಡೆಗೆ ಸೊಸೆ ಕಸಬರಿಗೆ ಹಿಡಿದು ಗುಡಿಯೊಳಗೆ ಹೋಗಿ, “ನಾನು ತಿಂದರೆ ನಿನಗೇನು ಕಷ್ಟ?” ಎಂದು ಗದರಿದಾಗ ದೇವಿ ಕೈ ಕೆಳಗಿಳಿಸುತ್ತಾಳೆ.

ಮಕ್ಕಳ ಪುಸ್ತಕದಲ್ಲಿ ದೇವರ ಮುಂದೆ ಕಸಬರಿಗೆ ಸಲ್ಲದೆಂದು ನಾನೇ ಊಹಿಸಿಕೊಂಡು ಅದನ್ನು ತೆಗೆದೆ. ‘ದೇವಿ ಬೆರಗಾದಳು’ ಎಂದು ಶಿಷ್ಟವಾಗಿ ಬರೆದೆ. ಕೊನೆಯಲ್ಲಿ ಅತ್ತೆ–ಸೊಸೆ ಹಂಚಿಕೊಂಡು ಉಣ್ಣಬೇಕೆಂಬ ನೀತಿಯನ್ನೂ ಸೇರಿಸಿದೆ. ಪುಸ್ತಕ ಬಂದಾಗ ಅಭಿಮಾನದಿಂದ ಒಯ್ದು ಕಥೆ ಹೇಳಿದ್ದ ಅಜ್ಜಿಯ ಮುಂದೆ ಓದಿದೆ. ಅವರು ಕೊನೆಯವರೆಗೂ ‘ಹೂಂ’ ಗುಟ್ಟಲೇ ಇಲ್ಲ. ಆಮೇಲೆ, “ಇದು ಆನು ಹೇಳಿದ್ ಕಥೆ ಅಲ್ಲ ತಮಾ” ಎಂದಷ್ಟೇ ಹೇಳಿ ಚಾ ತರಲು ಒಳಗೆ ಹೋದರು.

ನನ್ನ ತಪ್ಪು ಎಲ್ಲಿತ್ತೆಂದು ಮನೆಗೆ ಬಂದು ಧ್ವನಿಮುದ್ರಿಕೆ ಕೇಳಿದಾಗ ಗೊತ್ತಾಯಿತು. ಮೂಗಿನ ಮೇಲೆ ಬೆರಳಿಡುವುದು ಕನ್ನಡದಲ್ಲಿ ಸವೆದುಹೋದ ನುಡಿಗಟ್ಟು. ಆ ಕಥೆ ಮಾಡಿದ ಮಾಯವೆಂದರೆ ಅದನ್ನು ಅಕ್ಷರಶಃ ನಡೆಸಿ, ಕಲ್ಲಿನ ಮೂಗಿನ ಮೇಲೆ ಕಲ್ಲಿನ ಬೆರಳನ್ನು ಇಟ್ಟದ್ದು. ‘ಬೆರಗಾದಳು’ ಎಂದ ಕೂಡಲೇ ಅದ್ಭುತವೇ ಇಲ್ಲವಾಗಿ, ಇಳಿಸಬೇಕಾದ ಬೆರಳೂ ಇಲ್ಲದೆ ಸೊಸೆಗೆ ಕೆಲಸವೇ ಉಳಿದಿರಲಿಲ್ಲ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕರಂಥವರು ಈ ಜಿಲ್ಲೆಯಲ್ಲಿ ಊರೂರು ತಿರುಗಿ ಬರೆದುಕೊಂಡ ಮೌಖಿಕ ಸಾಹಿತ್ಯವನ್ನು ಓದುವಾಗ ನಾನೀಗ ಕಥೆಯ ಹಂದರಕ್ಕಿಂತ ಮೊದಲು ಇಂಥ ಮಾತುಗಳ ಕೆಳಗೆ ಗೆರೆ ಎಳೆಯುತ್ತೇನೆ.

ಶಿಕ್ಷಕರಿಗೂ ನಾನು ಹೇಳುವುದು ಇಷ್ಟನ್ನೇ: ಕೇಳಿದ್ದನ್ನು ತಿದ್ದಬೇಡಿ, ಯಾರು ಹೇಳಿದರು, ಯಾವ ಕೆಲಸದ ನಡುವೆ ಹೇಳಿದರು, ಯಾರು ಕೂತು ಕೇಳಿದರು ಎಂಬುದನ್ನು ಪುಟದ ಮೇಲ್ಗಡೆ ಬರೆದುಕೊಳ್ಳಿ. ಆ ಶಿಕ್ಷಕಿ ಮರಳಿ ಹೋಗಿ ತಮ್ಮ ಮೂರನೆಯ ತರಗತಿಯ ಮಕ್ಕಳಿಂದ ಕಾಗೆ–ಗುಬ್ಬಿಯ ಕಥೆ ಹೇಳಿಸಿ, ತಿದ್ದದೆ ಬರೆದು ಕಳುಹಿಸಿದರು. ಒಬ್ಬ ಹುಡುಗನ ಕಥೆಯಲ್ಲಿ ಗುಬ್ಬಿಯದು ಆರ್‌ಸಿಸಿ ಮನೆ. ಕಾಗೆಯ ಮನೆ ಸಗಣಿಯದೇ, ಆದರೆ ಮೇಲೆ ನೀಲಿ ತಾಡಪಾಲು ಹೊದಿಸಿದೆ, ಹಾಗಾಗಿ ಅದು ಗುಬ್ಬಿಯ ಬಾಗಿಲು ತಟ್ಟುವುದೇ ಇಲ್ಲ; ಬಾಗಿಲು ತಟ್ಟುವುದು ಕರೆಂಟು ಹೋದ ಗುಬ್ಬಿ, ಬೆಂಕಿಪೊಟ್ಟಣ ಕೇಳಲು. ಅದನ್ನು ಪಾಠಾಂತರವೆಂದು ತಾರೀಖು ಹಾಕಿ ಕಡತದಲ್ಲಿ ಸೇರಿಸಿದ್ದೇನೆ.