ನೋಡುವ ಕಣ್ಣು ಯಾರದು? ಸ್ತ್ರೀವಾದಿ ಸಿನಿಮಾ ವಿಮರ್ಶೆಗೆ ಒಂದು ಟಿಪ್ಪಣಿ

‘ಸಿನಿಮಾದಲ್ಲಿ ಸ್ತ್ರೀ ಪಾತ್ರಗಳ ಚಿತ್ರಣ’ ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಒಂದು ಪಟ್ಟಿ. ತ್ಯಾಗಮಯಿ ತಾಯಿ, ತಾಳ್ಮೆಯ ಹೆಂಡತಿ, ಅಹಂಕಾರಿ ಶ್ರೀಮಂತರ ಮಗಳು, ಹೀಗೆ. ಪಟ್ಟಿ ಮಾಡುವುದು ತಪ್ಪಲ್ಲ. ಅಮೆರಿಕದಲ್ಲಿ ಮಾರ್ಜರಿ ರೋಸೆನ್ 1973ರಲ್ಲಿ, ಮಾಲಿ ಹ್ಯಾಸ್ಕೆಲ್ 1974ರಲ್ಲಿ ತಂದ ಪುಸ್ತಕಗಳೂ ಹಾಲಿವುಡ್ ಹೆಣ್ಣನ್ನು ಯಾವ ಯಾವ ಅಚ್ಚಿಗೆ ಹಾಕಿತು ಅನ್ನುವುದನ್ನೇ ತೋರಿಸಿದವು. ಆದರೆ ಪಟ್ಟಿಗೇ ನಿಂತುಬಿಟ್ಟರೆ ಸಿನಿಮಾದ ಕಥೆಯನ್ನಷ್ಟೇ ಓದಿದ ಹಾಗಾಗುತ್ತದೆ. ಕ್ಯಾಮೆರಾ ಎಲ್ಲಿ ನಿಂತಿತ್ತು, ಅದು ಯಾರ ಕಣ್ಣಾಗಿತ್ತು ಅನ್ನುವುದು ಅಲ್ಲಿ ಸಿಗುವುದಿಲ್ಲ.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ. ಅವರ ಲೇಖನ 1975ರಲ್ಲಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಬಂತು. ಸಿನಿಮಾದಲ್ಲಿ ಮೂರು ನೋಟಗಳಿವೆ ಅಂತಾರೆ ಅವರು: ಕ್ಯಾಮೆರಾದ್ದು, ಪ್ರೇಕ್ಷಕರದ್ದು, ಪಾತ್ರಗಳು ಒಬ್ಬರನ್ನೊಬ್ಬರು ನೋಡುವುದು. ಹಳೆಯ ಹಾಲಿವುಡ್ ಚಿತ್ರಗಳು ಮೊದಲೆರಡನ್ನು ಮರೆಮಾಡಿ, ಎಲ್ಲವನ್ನೂ ನಾಯಕನ ಕಣ್ಣಿಗೆ ಜೋಡಿಸಿಬಿಡುತ್ತವೆ. ಅವನು ನೋಡುತ್ತಾನೆ, ಕಥೆ ಮುಂದೆ ಸಾಗುತ್ತದೆ. ಅವಳು ಬಂದಾಗ ಕಥೆ ನಿಲ್ಲುತ್ತದೆ, ನಾವು ಸುಮ್ನೆ ಅವಳನ್ನು ನೋಡುತ್ತಾ ಕೂರುತ್ತೇವೆ. ನಾಯಕಿಯನ್ನು ಮೊದಲ ಸಲ ತೋರಿಸುವಾಗ ಕ್ಯಾಮೆರಾ ಪಾದದಿಂದ ಮೇಲೇರುವುದನ್ನು ಎಷ್ಟು ಸಲ ನೋಡಿಲ್ಲ ನಾವು? ಮಲ್ವಿ ಹೇಳುವ ಗಂಡುನೋಟ ಇದೇ.

ಮಲ್ವಿ ಕೊಡುವ ಉದಾಹರಣೆಗಳಲ್ಲೊಂದು ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954). ಕಾಲು ಮುರಿದುಕೊಂಡ ಫೋಟೋಗ್ರಾಫರ್ ಜೆಫ್ ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾ ಕೂತಿದ್ದಾನೆ. ಪ್ರೇಯಸಿ ಲೀಸಾ ಪಕ್ಕದಲ್ಲೇ ಇದ್ದರೂ ಅವನಿಗೆ ಅವಳ ಮೇಲೆ ಅಷ್ಟು ಆಸಕ್ತಿ ಇಲ್ಲ. ಅವಳು ಕೊಲೆಗಾರನ ಮನೆಗೆ ನುಗ್ಗಿ ಎದುರು ಕಿಟಕಿಯ ಚೌಕಟ್ಟಿನಲ್ಲಿ ಕಾಣಿಸಿಕೊಂಡಾಗಲೇ ಅವನ ಕಣ್ಣು ಅರಳುವುದು. ಆದರೆ ಸ್ತ್ರೀವಾದಿ ವಿಮರ್ಶಕಿ ತಾನಿಯಾ ಮಾಡ್ಲೆಸ್ಕಿ 1988ರಲ್ಲಿ ಇದೇ ಚಿತ್ರವನ್ನು ಬೇರೆ ಥರ ಓದಿದರು. ಕೂತಲ್ಲೇ ಕೂತವನು ಅವನು, ಓಡಾಡಿ ಸಾಕ್ಷ್ಯ ತಂದವಳು ಅವಳು, ಅಲ್ವಾ? ಹಾಗಾಗಿ ಮಲ್ವಿಯ ಮಾತನ್ನು ಸೂತ್ರದ ಹಾಗೆ ಬಾಯಿಪಾಠ ಮಾಡಬೇಡಿ. ಅದು ಪ್ರಶ್ನೆ ಕೇಳುವ ದಾರಿ.

ಈಗ ನಮ್ಮ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ಅನಂತಮೂರ್ತಿಯವರ ಕಥೆ. ಪ್ರೇಮಾ ಕಾರಂತರ ‘ಫಣಿಯಮ್ಮ’ (1983), ಎಂ.ಕೆ. ಇಂದಿರಾ ಅವರ ಕಾದಂಬರಿ. ಎರಡರಲ್ಲೂ ಬ್ರಾಹ್ಮಣ ವಿಧವೆಯರು, ಎರಡರಲ್ಲೂ ತಲೆ ಬೋಳಿಸುವ ಪದ್ಧತಿ.

‘ಘಟಶ್ರಾದ್ಧ’ದಲ್ಲಿ ನೋಡುವವನು ನಾಣಿ, ವೇದಪಾಠಕ್ಕೆ ಬಂದ ಪುಟ್ಟ ಹುಡುಗ. ಅವನ ಗುರುವಿನ ವಿಧವೆ ಮಗಳು ಯಮುನಕ್ಕ ಬಸುರಾಗಿದ್ದಾಳೆ. ಏನೋ ಆಗಬಾರದ್ದು ಆಗುತ್ತಿದೆ ಅಂತ ಅವನಿಗೆ ಗೊತ್ತು, ಏನು ಅಂತ ಪೂರ್ತಿ ಗೊತ್ತಿಲ್ಲ. ಈ ಕಣ್ಣಲ್ಲಿ ಆಸೆ ಇಲ್ಲ, ಭಯವಿದೆ, ಪ್ರೀತಿ ಇದೆ. ಮಲ್ವಿ ಹೇಳಿದ ಗಂಡುನೋಟವನ್ನು ಚಿತ್ರ ಹೀಗೆ ಪಕ್ಕಕ್ಕೆ ಸರಿಸುತ್ತದೆ. ನನಗೆ ಇದು ಕನ್ನಡ ಸಿನಿಮಾ ಮಾಡಿದ ಬಹಳ ದೊಡ್ಡ ಕೆಲಸ ಅನಿಸುತ್ತದೆ. ಆದರೂ ಗಮನಿಸಿ, ನಾಣಿಗೆ ತಿಳಿದಷ್ಟೇ ಯಮುನೆ ನಮಗೂ ತಿಳಿಯುವುದು. ಅವಳಿಗೆ ಏನು ಬೇಕಿತ್ತು, ಬಸುರಿಗೆ ಕಾರಣನಾದ ಶಾಲೆಯ ಮೇಷ್ಟ್ರನ್ನು ಅವಳು ಯಾಕೆ ನಂಬಿದಳು, ಅದು ಹುಡುಗನ ಕಣ್ಣಿಗೆ ಎಟುಕುವುದಿಲ್ಲ. ಕೊನೆಯಲ್ಲಿ ಅವನು ಅಪ್ಪನ ಜೊತೆ ಊರು ಬಿಡುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತವಳು ಅಲ್ಲೇ ಉಳಿಯುತ್ತಾಳೆ. ಹೊರಡುವ ಹಕ್ಕು ನೋಡುವವನಿಗೆ ಮಾತ್ರ.

‘ಫಣಿಯಮ್ಮ’ದಲ್ಲಿ ಕಣ್ಣು ಬದಲಾಗುತ್ತದೆ. ಬಾಲ್ಯದಲ್ಲೇ ವಿಧವೆಯಾಗಿ ಎಲ್ಲವನ್ನೂ ಅನುಭವಿಸಿದ ಮುದುಕಿ ಫಣಿಯಮ್ಮ. ಹರೆಯದ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ತಿರುಗಿ ನಿಂತಾಗ, ಮಡಿಯ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಇಲ್ಲಿ ಹೆಣ್ಣೊಬ್ಬಳು ಇನ್ನೊಬ್ಬಳನ್ನು ನೋಡುತ್ತಾಳೆ, ನೋಡಿದ ಮೇಲೆ ಒಂದು ತೀರ್ಮಾನಕ್ಕೆ ಬರುತ್ತಾಳೆ. ಇಬ್ಬರೂ ದುಃಖಿಗಳೇ, ಆದರೆ ಅವರ ನೋಟಕ್ಕೆ ಕಥೆಯನ್ನು ತಿರುಗಿಸುವ ಶಕ್ತಿ ಇದೆ. ಉತ್ತರ ಬರೆಯುವಾಗ ‘ಗಟ್ಟಿ ಪಾತ್ರ’, ‘ದುರ್ಬಲ ಪಾತ್ರ’ ಅನ್ನುವುದಕ್ಕಿಂತ ಈ ವ್ಯತ್ಯಾಸ ಹೇಳಿದರೆ ನಿಮ್ಮ ಮಾತಿಗೆ ತೂಕ ಜಾಸ್ತಿ.

1985ರಲ್ಲಿ ಅಲಿಸನ್ ಬೆಕ್ಡೆಲ್ ಅವರ ಕಾಮಿಕ್ಸ್‌ನಿಂದ ಬಂದ ‘ಬೆಕ್ಡೆಲ್ ಟೆಸ್ಟ್’ ಬಗ್ಗೆಯೂ ಕೇಳುತ್ತಾರೆ. ಆ ಟೆಸ್ಟಿನ ಪ್ರಕಾರ ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಬೇಕು, ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ವಿಷಯ ಆಗಿರಬಾರದು. ಎಣಿಕೆಗೆ ಸರಿ, ವಿಮರ್ಶೆಗೆ ಸಾಲದು.

ಮಲ್ವಿ ಮೊದಲ ಲೇಖನದಲ್ಲಿ ಬಿಟ್ಟದ್ದು ಥಿಯೇಟರಿನಲ್ಲಿ ಕೂತ ಹೆಂಗಸನ್ನು. 1981ರಲ್ಲಿ ಅವರೇ ಆ ಪ್ರಶ್ನೆಗೆ ಮರಳಿದರು. ಸಿನಿಮಾ ಅಧ್ಯಯನಕಾರ್ತಿ ಜಾಕಿ ಸ್ಟೇಸಿ ಇನ್ನೂ ಮುಂದೆ ಹೋಗಿ, 1940-50ರ ದಶಕದ ಬ್ರಿಟಿಷ್ ಪ್ರೇಕ್ಷಕಿಯರಿಂದಲೇ ನೆನಪುಗಳನ್ನು ಬರೆಸಿ ತರಿಸಿಕೊಂಡು 1994ರಲ್ಲಿ ಪುಸ್ತಕ ಮಾಡಿದರು. ತಾರೆಯರ ಹಾಗೆ ತಲೆ ಬಾಚಿಕೊಂಡದ್ದು, ಬಟ್ಟೆ ತೊಟ್ಟದ್ದು ಎಲ್ಲ ಅದರಲ್ಲಿದೆ. ಇದನ್ನು ಓದುವಾಗ ಪುಟ್ಟಣ್ಣನವರ ‘ಶರಪಂಜರ’ (1971) ನೆನಪಾಗದೆ ಇರುವುದಿಲ್ಲ. ಕಲ್ಪನಾ ಉಟ್ಟ ಸೀರೆ, ತೊಟ್ಟ ರವಿಕೆ ನೋಡಲೆಂದೇ ಹೋದ ಹೆಂಗಸರಿದ್ದರು. ಆದರೆ ತ್ರಿವೇಣಿಯವರ ಕಾದಂಬರಿಯ ಆ ಕಾವೇರಿಯ ಕಷ್ಟವೇ ಎಲ್ಲರೂ ಅವಳನ್ನು ನೋಡುತ್ತಿರುವುದು. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವಳು ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು. ಸೀರೆ ನೋಡಲು ಬಂದ ಪ್ರೇಕ್ಷಕಿ ಈ ಕಾವಲು ನೋಟವನ್ನು ಗುರುತಿಸದೆ ಇರುತ್ತಾಳೆಯೇ? ತನ್ನ ಮನೆಯಲ್ಲೂ ಅದನ್ನು ಕಂಡವಳು ಅವಳು.

ಇನ್ನೊಂದು ಮಾತು ಬಿಡಬಾರದು. ಅಮೆರಿಕದ ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ 1992ರಲ್ಲಿ ಕೇಳಿದರು: ಮಲ್ವಿ ಹೇಳುವ ‘ಹೆಣ್ಣು’ ಬಿಳಿಯ ಹೆಣ್ಣಲ್ಲವೇ? ಹಾಲಿವುಡ್ ತೆರೆಯ ಮೇಲೆ ತಮ್ಮವರೇ ಇಲ್ಲದಾಗ ಕಪ್ಪು ಹೆಂಗಸರು ಅದನ್ನು ದೂರ ನಿಂತು, ಪ್ರಶ್ನಿಸುತ್ತಾ ನೋಡುವುದನ್ನು ಕಲಿತರು ಅಂತಾರೆ ಅವರು. ಅದೇ ಪ್ರಶ್ನೆಯನ್ನು ಇಲ್ಲಿಗೆ ತಂದುಕೊಳ್ಳಿ. ನಾನು ಮೇಲೆ ಹೊಗಳಿದ ‘ಘಟಶ್ರಾದ್ಧ’, ‘ಫಣಿಯಮ್ಮ’ ಎರಡರಲ್ಲೂ ಕಥೆ ನಡೆಯುವುದು ಮೇಲ್ಜಾತಿಯ ಮನೆಯೊಳಗೆ. ಆ ಮನೆಯ ಗದ್ದೆಯಲ್ಲಿ ದುಡಿದ ಹೆಂಗಸರ ಕಣ್ಣಿಗೆ ಇದೇ ಕಥೆ ಹೇಗೆ ಕಾಣುತ್ತಿತ್ತು? ಕ್ಯಾಮೆರಾವನ್ನು ಅವರ ಕಡೆ ಇಟ್ಟು ಈ ಎರಡು ಚಿತ್ರಗಳನ್ನು ಮತ್ತೊಮ್ಮೆ ನೋಡಿ, ಚೌಕಟ್ಟಿನ ಅಂಚಿನಲ್ಲಿ ಯಾರು ಬಂದು ಹೋಗುತ್ತಾರೆ, ಅವರಿಗೆ ಮಾತು ಇದೆಯೇ, ಗುರುತು ಹಾಕಿಕೊಳ್ಳಿ.